ಎತ್ತಿನ ಮಂಡಿಚಿಪ್ಪಿನ ಶಸ್ತ್ರಕ್ರಿಯೆ: ಕೆಲವು ನಿಮಿಷದ ಕೆಲಸ, ಹಲವು ವರ್ಷದ ಫಲ

ಜಹೀರಾಬಾದ, ನಾರಾಯಣಖೇಡ, ತಾಂಡೂರ ಸೀಮೆಗಳಲ್ಲಿ ಟ್ರಾಕ್ಟರುಗಳು ಎಷ್ಟೇ ಬಂದರೂ ತೊಗರಿ, ಜೋಳದ ಸಾಲುಗಳ ನಡುವೆ ಎಡೆ ಹೊಡೆಯಲು ಇಂದಿಗೂ ಎತ್ತುಗಳನ್ನು ನಂಬಿದ ರೈತರಿದ್ದಾರೆ. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಇನ್ನೊಂದೂ ಕೊಟ್ಟಿಗೆಯಲ್ಲಿಯೇ ನಿಲ್ಲಬೇಕು. ನೆಲದ ಹದ ಮಾತ್ರ ಯಾರಿಗೂ ಕಾಯುವುದಿಲ್ಲ. ಹೀಗೆ ಹಿಂಗಾಲು ಎಳೆಯುವ ಎತ್ತುಗಳಲ್ಲಿ ಕೆಲವಕ್ಕೆ ಇರುವ ರೋಗವೆಂದರೆ ಮಂಡಿಯ ಚಿಪ್ಪು ಸಿಕ್ಕಿಕೊಳ್ಳುವುದು. ಇದಕ್ಕೆ ಸುಲಭವಾದ ಶಸ್ತ್ರಕ್ರಿಯೆಯುಂಟು. ಅದನ್ನರಿಯದೆ ಒಳ್ಳೆಯ ದೇವಣಿ ಎತ್ತನ್ನು ಸಿಕ್ಕ ಬೆಲೆಗೆ ಸಂತೆಯಲ್ಲಿ ಮಾರಿಬಿಟ್ಟರೆ ನಷ್ಟ ರೈತನದೇ.

ರೋಗದ ಗುರುತು

ಎತ್ತಿನ ಹಿಂಗಾಲಿನ ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲಿ, ತೊಡೆಯ ಕೆಳತುದಿಯಲ್ಲಿದೆ. ಅಲ್ಲಿರುವ ಚಿಪ್ಪನ್ನು ಕೆಳಗಿನ ಎಲುಬಿಗೆ ಬಿಗಿದಿರುವ ಕಟ್ಟುಗಳು ಮೂರು: ಒಳಗಿನದು, ನಡುವಿನದು, ಹೊರಗಿನದು. ಕಾಲು ಚಾಚಿದಾಗ ಚಿಪ್ಪು ಮೇಲೇರಿ, ಒಳಗಿನ ಕಟ್ಟು ತೊಡೆಯೆಲುಬಿನ ದಿಂಡಿಗೆ ಸಿಕ್ಕಿಕೊಂಡರೆ ಕಾಲು ಮಡಿಚುವುದಿಲ್ಲ. ಎತ್ತು ಕಾಲನ್ನು ಹಿಂದಕ್ಕೆ ಸೆಟೆಸಿ, ಗೊರಸಿನ ತುದಿಯನ್ನು ನೆಲಕ್ಕೆ ಉಜ್ಜುತ್ತ ನಡೆಯುತ್ತದೆ. ಕಟ್ಟು ಬಿಡಿಸಿಕೊಂಡೊಡನೆ ಕಾಲು ಝಟ್ಟನೆ ಮುಂದಕ್ಕೆ ಹಾರುತ್ತದೆ. ಬೆಳಿಗ್ಗೆ ಎದ್ದು ನಡೆಯತೊಡಗಿದಾಗ ಇದು ಹೆಚ್ಚು. ಸ್ವಲ್ಪ ದೂರ ನಡೆದ ಮೇಲೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಎಮ್ಮೆಗಳಿಗೂ ಈ ರೋಗ ಬರುತ್ತದೆ.

ಹಿಂಗಾಲು ತೀರ ನೆಟ್ಟಗಿರುವುದು, ಮೇವಿನ ಕೊರತೆಯಿಂದ ತೊಡೆಯ ಸ್ನಾಯು ಸೊರಗಿರುವುದು, ಮಿತಿಮೀರಿದ ದುಡಿಮೆ ಇವು ಸಾಮಾನ್ಯವಾದ ಕಾರಣಗಳು. ಆದರೆ ಕುಂಟುವ ದನಕ್ಕೆಲ್ಲ ಇದೇ ರೋಗವೆಂದು ತಿಳಿಯಬಾರದು. ಜ್ವರ ಬಂದು, ತೊಡೆ ಬಾತು, ಒತ್ತಿದರೆ ಚರಚರ ಸದ್ದಾದರೆ ಅದು ಚಪ್ಪೆ ಬೇನೆಯಿರಬಹುದು. ಒಂದು ಗಳಿಗೆಯೂ ತಡಮಾಡದೆ ವೈದ್ಯರನ್ನು ಕರೆಯಿರಿ. ಚಿಪ್ಪು ಹೊರಮಗ್ಗುಲಿಗೆ ಜಾರಿದ್ದರೆ ಒಳಗಿನ ಕಟ್ಟನ್ನು ಕತ್ತರಿಸುವುದರಿಂದ ಕೇಡೇ ಹೆಚ್ಚು. ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಕತ್ತಿ. ಬರೆ ಹಾಕುವುದರಿಂದ ಸಿಕ್ಕಿಕೊಂಡ ಕಟ್ಟು ಬಿಡುವುದಿಲ್ಲ. ಚರ್ಮ ಸುಡುವುದಷ್ಟೇ ಲಾಭ.

ಶಸ್ತ್ರಕ್ರಿಯೆ ಹೇಗೆ?

ಪಶುವೈದ್ಯರು ಆ ಜಾಗವನ್ನು ಮರಗಟ್ಟಿಸುವ ಸೂಜಿ ಹಾಕಿ, ಚರ್ಮದಲ್ಲಿ ಸಣ್ಣ ಗಾಯ ಮಾಡಿ, ಒಳಗಿನ ಕಟ್ಟೊಂದನ್ನೇ ಕತ್ತರಿಸುತ್ತಾರೆ. ಕೆಲಸ ಕೆಲವು ನಿಮಿಷದ್ದು. ಬಹಳಷ್ಟು ದನಗಳು ಅಂದೇ ಕಾಲು ಮಡಿಚಿ ನಡೆಯುತ್ತವೆ. ಎತ್ತನ್ನು ಕೆಡವಿ ಮಾಡುವುದಾದರೆ ಹಿಂದಿನ ರಾತ್ರಿಯಿಂದ ಮೇವು ಕೊಡಬಾರದು. ಇಲ್ಲವಾದರೆ ಹೊಟ್ಟೆಯುಬ್ಬರ ಬಂದೀತು. ಮೆತ್ತನೆಯ ನೆಲದ ಮೇಲೆ ಹುಲ್ಲು ಹಾಸಿಡಿ.

ಮುಂದಿನ ವರ್ಷಗಳಲ್ಲಿ ಏನಾಗುತ್ತದೆ?

ರೋಗವನ್ನು ಸರಿಯಾಗಿ ಗುರುತಿಸಿ, ಕಟ್ಟನ್ನು ಪೂರ್ತಿ ಕತ್ತರಿಸಿದ್ದಲ್ಲಿ ಹೆಚ್ಚಿನ ಎತ್ತುಗಳು ಮತ್ತೆ ನೊಗಕ್ಕೆ ಬರುತ್ತವೆ. ಫಲ ಕೆಡುವುದು ನಾಲ್ಕು ಕಾರಣಗಳಿಂದ. ಕಟ್ಟಿನ ಎಳೆಗಳು ಸ್ವಲ್ಪ ಉಳಿದರೆ ರೋಗ ಮರುಕಳಿಸುತ್ತದೆ. ತಪ್ಪಿ ನಡುವಿನ ಕಟ್ಟನ್ನು ಕೊಯ್ದರೆ ಎತ್ತು ಕಾಯಮ್ಮಾಗಿ ಕುಂಟಾದೀತು. ಕತ್ತಿಯ ಮೊನೆ ಕೀಲಿನೊಳಗೆ ಹೋಗಿ ಕೀವಾದರೆ ಕೀಲೇ ಕೆಡುತ್ತದೆ. ಆದುದರಿಂದಲೇ ಈ ಕೆಲಸ ಊರ ನಾಟಿ ವೈದ್ಯನದಲ್ಲ, ಪಶುವೈದ್ಯರದು. ನಾಲ್ಕನೆಯ ಕಾರಣ ನಮ್ಮ ಕೈಯಲ್ಲಿದೆ, ಅದು ಅವಸರ. ನಡಿಗೆ ಅಂದೇ ನೆಟ್ಟಗಾಯಿತೆಂದು ಮರುದಿನ ನೊಗ ಹೂಡಬಾರದು. ಒಂದು ಕಟ್ಟು ಹೋದ ಮೇಲೆ ಚಿಪ್ಪು ಹೊಸ ದಾರಿಯಲ್ಲಿ ಆಡುವುದನ್ನು ಕಲಿಯಬೇಕು. ಕುದುರೆಗಳಲ್ಲಿ ಇದೇ ಶಸ್ತ್ರಕ್ರಿಯೆ ಮಾಡಿ ಬೇಗನೆ ದುಡಿಸಿದಾಗ ಚಿಪ್ಪಿನ ತುದಿ ಸವೆದು ಚೂರಾದದ್ದನ್ನು ವೈದ್ಯರು ಕಂಡಿದ್ದಾರೆ. ಎತ್ತಿಗೂ ಕೆಲವು ವಾರಗಳ ಬಿಡುವು ಬೇಕು. ಎಷ್ಟೆಂಬುದನ್ನು ವೈದ್ಯರನ್ನೇ ಕೇಳಿ. ಗಾಯಕ್ಕೆ ನೊಣ ಕೂಡದಂತೆ ನೋಡಿಕೊಳ್ಳಿ, ಒಳ್ಳೆಯ ಮೇವು ಹಿಂಡಿ ಹಾಕಿ ತೊಡೆ ತುಂಬಿಸಿ, ಮೊದಲು ಬರಿದೇ ನಡೆಸಿ, ಆಮೇಲೆ ಹಗುರಾದ ಕೆಲಸ.

ಇನ್ನೊಂದು ಕಾಲಿಗೂ ಮುಂದೆ ಈ ರೋಗ ಬರಬಹುದು, ಕಣ್ಣಿಟ್ಟಿರಿ. ಶಸ್ತ್ರಕ್ರಿಯೆ ಕಾಲನ್ನು ತಿದ್ದುತ್ತದೆಯೇ ಹೊರತು ತಳಿಯನ್ನಲ್ಲ. ಹಿಂಗಾಲು ತೀರ ನೆಟ್ಟಗಿರುವ ಹೋರಿಯನ್ನು ಬೀಜಕ್ಕೆ ಇಡಬೇಡಿ.

ಮನುಷ್ಯರ ಮಂಡಿ ಬೇರೆ

ಎತ್ತಿಗೆ ಗುಣವಾದುದನ್ನು ಕಂಡು ತಮ್ಮ ಮಂಡಿನೋವಿಗೂ ಹೀಗೆಯೇ ಕೊಯ್ಯಿಸಿಕೊಳ್ಳಬೇಕೆಂದು ಯಾರೂ ಎಣಿಸಬಾರದು. ಮನುಷ್ಯರಲ್ಲಿ ಚಿಪ್ಪು ಪದೇ ಪದೇ ಜಾರುತ್ತಿದ್ದರೆ ಶಸ್ತ್ರಕ್ರಿಯೆಯಿಂದ ಜಾರುವುದು ನಿಲ್ಲುವುದುಂಟು. ಬರಿಯ ನೋವಿಗೆ ಮಾಡಿದರೆ ಫಲ ಅಷ್ಟು ನೆಚ್ಚಲಾಗದು. 1938ರಲ್ಲಿ ಹೌಸರ್ ಎಂಬ ವೈದ್ಯರು ತಿಳಿಸಿದ ವಿಧಾನದಿಂದ ಚಿಪ್ಪು ಸ್ಥಳದಲ್ಲಿ ನಿಂತರೂ, ವರ್ಷಗಳ ಮೇಲೆ ಹಲವರ ಕೀಲು ಸವೆದದ್ದು ಕಂಡುಬಂದುದರಿಂದ ಅದನ್ನು ಕೈಬಿಟ್ಟರು. ಬರಿಯ ನೋವಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ ಮೊದಲ ಮದ್ದು.

ಎಲ್ಲಿ ತೋರಿಸಬೇಕು?

ಮೊದಲು ಹತ್ತಿರದ ದನದ ದವಾಖಾನೆಗೆ ಹೋಗಿ. ತೆಲಂಗಾಣದಲ್ಲಿ 2017ರಲ್ಲಿ 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ವಾಹನಗಳು ಆರಂಭವಾದವು. ಜಹೀರಾಬಾದ, ನಾರಾಯಣಖೇಡದವರಿಗೆ ಬೀದರದ ಪಶುವೈದ್ಯಕೀಯ ಕಾಲೇಜು, ತಾಂಡೂರದವರಿಗೆ ಹೈದರಾಬಾದಿನ ರಾಜೇಂದ್ರನಗರದ ಕಾಲೇಜು ಉಂಟು. ವೈದ್ಯರು ತೆಲುಗರಾದರೆ ‘ಮೋಕಾಲಿ ಚಿಪ್ಪ’ ಎಂದರೆ ತಿಳಿಯುತ್ತದೆ. ಯಾವ ಕಾಲು, ಎಂದಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಬಿದ್ದು ಪೆಟ್ಟಾಗಿತ್ತೋ ಎಂಬ ನಾಲ್ಕು ಮಾತು ಹೇಳಿ. ಬಿತ್ತನೆ ಹತ್ತಿರ ಬಂದಾಗ ಓಡಾಡುವುದಕ್ಕಿಂತ ಸುಗ್ಗಿ ಮುಗಿದೊಡನೆ ತೋರಿಸಿದರೆ ಎತ್ತಿಗೆ ಬಿಡುವೂ ಸಿಗುತ್ತದೆ, ಮುಂಗಾರಿಗೆ ಜೋಡಿಯೂ ಸಿದ್ಧವಾಗುತ್ತದೆ.