ಆರ್‌ಎಕ್ಸ್ 100 ಸ್ಟಾರ್ಟ್ ಆಗ್ತಿಲ್ವಾ? ಬೋರ್ ಮಾಡಿಸುವ ಮುನ್ನ ರೀಡ್ ವಾಲ್ವ್ ನೋಡಿ

ಹತ್ತು ಸಲ ಕಿಕ್ ಹೊಡೆದರೂ ಬೈಕ್ ಸ್ಟಾರ್ಟ್ ಆಗಲ್ಲ. ಆದರೂ ಸ್ಲೋ ಸ್ಪೀಡ್ ನಿಲ್ಲಲ್ಲ. ಏರು ಬಂದರೆ ಎಳೆಯಲ್ಲ, ಪೆಟ್ರೋಲ್ ಮಾತ್ರ ಕುಡಿಯುತ್ತೆ. ಹಳೇ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿರುವ ಹಲವರ ಗೋಳಿದು. ಇಷ್ಟಕ್ಕೇ ಕಾರ್ಬುರೇಟರ್ ಬದಲಿಸಿ, ಬೋರ್ ಮಾಡಿಸಿ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ದೋಷ ಇರುವುದು ಅಂಗೈಯಲ್ಲಿ ಹಿಡಿಸುವ ರೀಡ್ ವಾಲ್ವ್‌ನಲ್ಲೂ ಆಗಿರಬಹುದು.

ಏನಿದು ರೀಡ್ ವಾಲ್ವ್?

ಕಾರ್ಬುರೇಟರ್ ಮತ್ತು ಇಂಜಿನ್ ನಡುವೆ ಕೂರುವ ಒಮ್ಮುಖ ಬಾಗಿಲು ಇದು. ಪಿಸ್ಟನ್ ಮೇಲೆ ಹೋದಾಗ ತೆಳು ಪಟ್ಟಿಗಳು ತೆರೆದು ಗಾಳಿ-ಪೆಟ್ರೋಲ್ ಒಳಗೆ ಬಿಡುತ್ತವೆ. ಪಿಸ್ಟನ್ ಕೆಳಗಿಳಿದಾಗ ಮುಚ್ಚಿಕೊಳ್ಳುತ್ತವೆ. ಪಟ್ಟಿ ಸವೆದು ಬಾಗಿದರೆ ಅಥವಾ ತುದಿ ಸೀಳಿದರೆ ಒಳಗೆ ಹೋದದ್ದು ಕಾರ್ಬುರೇಟರ್ ಕಡೆಗೇ ವಾಪಸ್ ಚಿಮ್ಮುತ್ತದೆ. ಏರ್ ಫಿಲ್ಟರ್ ಪೆಟ್ರೋಲ್, ಆಯಿಲ್‌ನಿಂದ ಒದ್ದೆಯಾಗಿದ್ದರೆ ಅನುಮಾನ ಪಡಬೇಕು.

ಪರೀಕ್ಷೆ ಹೇಗೆ?

ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಕಳಚಿ, ರೀಡ್ ಬ್ಲಾಕ್ ಹೊರತೆಗೆಯಬೇಕು. ಬೀಡಿ, ಬೆಂಕಿ ಹತ್ತಿರ ಬೇಡ. ಬ್ಲಾಕನ್ನು ಬೆಳಕಿಗೆ ಹಿಡಿದಾಗ ಪಟ್ಟಿಯ ಅಂಚಿನಲ್ಲಿ ಎದ್ದು ಕಾಣುವಷ್ಟು ಸಂದು, ಬಿರುಕು, ಮುರುಕು ಇದ್ದರೆ ಬದಲಿಸಲೇಬೇಕು. ಪಟ್ಟಿ ಕೂರುವ ಜಾಗದ ರಬ್ಬರ್ ಎದ್ದಿದ್ದರೆ ಬ್ಲಾಕನ್ನೇ ಬದಲಿಸುವುದು ಒಳ್ಳೆಯದು. ಹಳೇ ಪಟ್ಟಿಯನ್ನೇ ಮಗುಚಿ ಹಾಕುವುದು ತಾತ್ಕಾಲಿಕ ಉಪಾಯ ಅಷ್ಟೇ.

ಹಾಕುವಾಗ ಎಚ್ಚರ

ಪಟ್ಟಿಯ ಒಂದು ಮೂಲೆ ಕತ್ತರಿಸಿರುತ್ತದೆ. ಅದು ಮೇಲಿನ ಸ್ಟಾಪರ್ ಪ್ಲೇಟಿನ ಕತ್ತರಿಸಿದ ಮೂಲೆಗೆ ಸರಿಹೊಂದಬೇಕು. ಸ್ಟಾಪರನ್ನು ಬಗ್ಗಿಸಬಾರದು. ಸಣ್ಣ ಸ್ಕ್ರೂಗಳಿಗೆ ಸಡಿಲವಾಗದಂತೆ ತಡೆಯುವ ಲಾಕಿಂಗ್ ಅಂಟು ಹಚ್ಚಿ, ಎಲ್ಲವನ್ನೂ ಸಮನಾಗಿ ಬಿಗಿ ಮಾಡಬೇಕು. ಒಂದು ಸ್ಕ್ರೂ ಕಳಚಿ ಒಳಗೆ ಬಿದ್ದರೂ ಇಂಜಿನ್ ಕಥೆ ಮುಗೀತು. ಗ್ಯಾಸ್ಕೆಟ್ ಹೊಸದೇ ಇರಲಿ. ಹಳೆಯದರಲ್ಲಿ ಗಾಳಿ ಸೋರಿದರೆ ಪೆಟ್ರೋಲ್-ಆಯಿಲ್ ಪ್ರಮಾಣ ಕಮ್ಮಿಯಾಗಿ ಇಂಜಿನ್ ಕಾದು ಪಿಸ್ಟನ್ ಸೀಜ್ ಆಗಬಹುದು.

ಮುರಿದ ಸ್ಟೀಲ್ ಪಟ್ಟಿಯ ಚೂರು ಕಾಣದಿದ್ದರೆ ಕಿಕ್ ಹೊಡೆಯಲೇಬಾರದು. ಅದು ಇಂಜಿನ್ ಒಳಗಿದ್ದರೆ ಪಿಸ್ಟನ್, ಸಿಲಿಂಡರ್‌ಗೆ ಗೀರು ಬೀಳುತ್ತೆ. ಆಗ ಬೋರ್ ಖರ್ಚು ತಪ್ಪಿದ್ದಲ್ಲ.

ಅಂದಹಾಗೆ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ಡಿಯಲ್ಲಿ ರೀಡ್ ವಾಲ್ವ್ ಇಲ್ಲ. ಪಿಸ್ಟನ್ನೇ ಆ ಬಾಗಿಲ ಕೆಲಸ ಮಾಡುತ್ತದೆ. ಅದಕ್ಕೆ ರೀಡ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.