ಬಾವಿ ನೀರಿನ ಹಳೇ ಲೆಕ್ಕ

"ಕಾರ್ಖಾನೆ ಹೊಗೇನ ನೆಲದೊಳಗೆ ತುಂಬಿಡ್ತಾರಂತಲ್ಲೋ, ನಮ್ಮ ಬಾವಿ ನೀರಿನ ಗತಿ ಏನು?" ಮೊನ್ನೆ ಭದ್ರಾವತಿಗೆ ಹೋದಾಗ ಅತ್ತೆ ಕೇಳಿದರು. ಉತ್ತರ ಗೊತ್ತಿರಲಿಲ್ಲ. ಶಿವಮೊಗ್ಗಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಫೋನ್ ಹಿಡಿದು ಓದುತ್ತಾ ಕೂತೆ.

ಮೊದಲ ಮಾತು: ಭದ್ರಾವತಿಯಲ್ಲಿ ಅಂಥದ್ದೇನೂ ನಡೆದಿಲ್ಲ. 1923ರಲ್ಲೇ ಕಬ್ಬಿಣ ತಯಾರಿಸಲು ಶುರುಮಾಡಿದ ಊರು ನಿಜ, ಆದರೆ ಕಾಲಡಿ ಇರುವುದು ಗಟ್ಟಿ ಶಿಲೆ. ಇಂಗಾಲದ ಡೈಆಕ್ಸೈಡ್ ತುಂಬಲು ಸಾಮಾನ್ಯವಾಗಿ ಆರಿಸುವುದು 800 ಮೀಟರಿಗಿಂತ ಆಳದ, ಸಣ್ಣ ಸಣ್ಣ ರಂಧ್ರಗಳಿರುವ ಮರಳುಗಲ್ಲು. ಅದರ ಮೇಲೆ ಮುಚ್ಚಳದ ಹಾಗೆ ಬಿಗಿಯಾದ ಕಲ್ಲಿನ ಪದರ ಇರಬೇಕು. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಲ್ಲೇ ಸಮುದ್ರತಳದ ಅಡಿಯಲ್ಲಿ ಹೀಗೆ ತುಂಬಲು ಆರಂಭಿಸಿದರು.

ಮುಚ್ಚಳ ಸೋರಿದರೆ? ಮೇಲಿನ ಅಂತರ್ಜಲದಲ್ಲಿ ಸುಳಿವು ಸಿಗುತ್ತದೆ. ಈ ಅನಿಲ ಬೆರೆತರೆ ನೀರು ಸೋಡಾದಂತೆ ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಆ ಹುಳಿ ಕಲ್ಲನ್ನು ಕರಗಿಸುವುದರಿಂದ ಬೈಕಾರ್ಬನೇಟ್, ಕ್ಯಾಲ್ಸಿಯಂ, ಕೆಲವೆಡೆ ಕಬ್ಬಿಣ, ಮ್ಯಾಂಗನೀಸ್ ಕೂಡ ಹೆಚ್ಚಬಹುದು. ಹಾಗಾಗಿ ಸುತ್ತಲಿನ ಬಾವಿಗಳ ನೀರನ್ನು ಆಗಾಗ ಪರೀಕ್ಷಿಸಬೇಕು.

ತೊಡಕು ಇರುವುದು ಇಲ್ಲೇ. ಮಣ್ಣಿನ ಬೇರು, ಸೂಕ್ಷ್ಮಜೀವಿಗಳೂ ಇದೇ ಅನಿಲ ಬಿಡುತ್ತವೆ. ಮಳೆಗಾಲ, ಬೇಸಿಗೆಗೆ ಅಂಕಿಗಳು ತಾವಾಗೇ ಏರಿಳಿಯುತ್ತವೆ. ಕೆನಡಾದ ವೇಬರ್ನ್ ತೈಲಕ್ಷೇತ್ರಕ್ಕೆ 2000ದಿಂದ ಕಲ್ಲಿದ್ದಲು ಸ್ಥಾವರದ ಅನಿಲ ತುಂಬುತ್ತಿದ್ದರು. 2011ರಲ್ಲಿ ಅಲ್ಲಿನ ರೈತ ದಂಪತಿ, ಅದು ತಮ್ಮ ಜಮೀನಿಗೆ ಸೋರುತ್ತಿದೆ ಎಂದು ದೂರಿದರು. ಮಣ್ಣು, ಬಾವಿ ನೀರು ಎರಡನ್ನೂ ಪರೀಕ್ಷಿಸಿದರು. ಕಲ್ಲಿದ್ದಲಿನಿಂದ ಬಂದ ಅನಿಲದಲ್ಲಿ ಕಾರ್ಬನ್-14 ಇರುವುದಿಲ್ಲ, ಜಮೀನಿನ ಅನಿಲದಲ್ಲಿ ಅದು ಇತ್ತು. ಮಣ್ಣಿನದೇ ಅನಿಲ, ಸೋರಿಕೆಯಲ್ಲ ಎಂಬ ತೀರ್ಮಾನಕ್ಕೆ ಬಂದರು. ಆದರೆ ಅಷ್ಟು ಹೊತ್ತಿಗೆ ಆ ಮನೆಯವರ ನೆಮ್ಮದಿ ಹೋಗಿತ್ತು.

ನನ್ನ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಪಾಠ. ಮಾಮೂಲಿ ದಿನ ಸರ್ವರ್ ಹೇಗಿರುತ್ತೆ ಅಂತ ಗೊತ್ತಿಲ್ಲದೆ ಅಲರ್ಟ್ ಇಟ್ಟರೆ ರಾತ್ರಿಯಿಡೀ ಸುಳ್ಳು ಅಲರ್ಟ್‌ಗಳೇ. ಕೊನೆಗೆ ನಿಜವಾದದ್ದು ಬಂದಾಗ ಯಾರೂ ಏಳುವುದಿಲ್ಲ. ನಾಳೆ ಯಾವುದೇ ಊರಿನ ನೆಲದಡಿ ಅನಿಲ ತುಂಬಲು ಹೊರಟರೆ ಊರಿನವರು ಮೊದಲೇ ಕೇಳಬೇಕು: ನಮ್ಮ ಬಾವಿಗಳ ನೀರನ್ನು ಎಲ್ಲ ಕಾಲದಲ್ಲೂ ಅಳೆದಿದ್ದೀರಾ? ಆ ಲೆಕ್ಕದ ಪ್ರತಿ ನಮಗೂ ಕೊಡ್ತೀರಾ?

ಮನೆಗೆ ಬಂದು ಅತ್ತೆಗೆ ಫೋನ್‌ನಲ್ಲಿ ಇಷ್ಟೂ ಹೇಳಿದೆ. "ಅಂದ್ರೆ ನೀರು ಚೆನ್ನಾಗಿರುವಾಗ್ಲೇ ಬರೆದಿಟ್ಕೋಬೇಕು ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.