‘ಮುಗಿಯಿತು’ ಎಂದಿತು ಸರ್ವರ್, ಹಾಳೆ ಎಲ್ಲಿ?

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಸರ್ಕಾರವೆಂದರೆ ಬಹುಪಾಲು ಒಂದು ಹಾಳೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿಸಿ ಕೊಡತೊಡಗಿತು. ಜಾತಿ, ಆದಾಯದ ಪತ್ರಗಳು ಹೋಬಳಿಯ ನಾಡಕಚೇರಿಗೇ ಬಂದವು. ದಾಖಲೆ ಸರ್ವರಿನಲ್ಲಿ ಭದ್ರವಾಗಿದೆ ಎಂದರೆ ಬೆಳೆಸಾಲಕ್ಕೆ ಓಡಾಡುವ ಶೇಂಗಾ ಬೆಳೆಗಾರನಿಗೆ ಏನೂ ಸಿಕ್ಕಂತಾಗಲಿಲ್ಲ; ಹಾಳೆ ಕೈಗೆ ಬರಬೇಕು. ಯಾವುದೇ ಕೌಂಟರಿನಲ್ಲಿ ಅದು ಬಾರದಿದ್ದಾಗ ಕೇಳುವ ಮಾತು ಒಂದೇ: ‘ಸರ್ವರ್ ಇಲ್ಲ’. ಕಚೇರಿಯಾಗಲಿ, ಬ್ಯಾಂಕಾಗಲಿ, ದೂರದ ಯೂನಿಕ್ಸ್ ಸರ್ವರಿನಿಂದ ಶಾಖೆಗೆ ಮುದ್ರಿಸುವ ವ್ಯವಸ್ಥೆಯಲ್ಲಿ ಈ ಎರಡು ಪದಗಳ ಹಿಂದೆ ಹಲವು ಕಾಯಿಲೆಗಳು ಅಡಗಿರುತ್ತವೆ. ಅವನ್ನು ಪತ್ತೆ ಮಾಡಲು ಅಡ್ಡ ಬರುವುದು ಸರ್ವರೇ ಹೇಳುವ ಇನ್ನೊಂದು ಪದ: ‘ಮುಗಿಯಿತು’.

ಯೂನಿಕ್ಸ್ ಪ್ರಿಂಟರನ್ನು ನೇರವಾಗಿ ಮಾತಾಡಿಸುವುದಿಲ್ಲ. ಕೆಲಸವನ್ನು ಮೊದಲು ಸ್ಪೂಲ್ ಎಂಬ ಸಾಲಿನಲ್ಲಿ ನಿಲ್ಲಿಸಿ, ಸರದಿಯಂತೆ ಕಳಿಸುತ್ತದೆ. ಪ್ರಿಂಟರಿನ 9100ನೇ ಪೋರ್ಟಿಗೆ, ಅಂದರೆ ಸಂಪರ್ಕದ ಬಾಗಿಲಿಗೆ, ನೇರ ಕಳಿಸುವ ರೂಢಿಯಲ್ಲಿ ಬೈಟುಗಳೆಲ್ಲ ಹೊರಟರೆ ಸರ್ವರಿನ ಲೆಕ್ಕಕ್ಕೆ ಕೆಲಸ ತೀರಿತು. ಆ ಹೊತ್ತಿಗೆ ಅವು ಪ್ರಿಂಟರಿನ ಮೆಮೊರಿಯಲ್ಲಿ ಇರಬಹುದು, ಕಾಗದ ಸಿಕ್ಕಿಕೊಂಡಿರಬಹುದು, ಕರೆಂಟು ಹೋಗಿರಬಹುದು. ಅಂಚೆಯಣ್ಣ ಡಬ್ಬಿಗೆ ಹಾಕಿದ ಪತ್ರವನ್ನು ಓದಿಯಾಯಿತು ಎಂದು ಬರೆದುಕೊಂಡ ಹಾಗೆ. ಹಳೆಯ ಎಲ್‌ಪಿಡಿ ಎಂಬ ಮುದ್ರಣ ಪದ್ಧತಿಗೆ ಇನ್ನೊಂದು ವಿಚಿತ್ರ ಕಟ್ಟುಪಾಡು: 1990ರಲ್ಲಿ ಬರೆದಿಟ್ಟ ಅದರ ವಿವರಣೆಯ ಪ್ರಕಾರ ಕಳಿಸುವ ಯಂತ್ರ 721ರಿಂದ 731ರವರೆಗಿನ ಹನ್ನೊಂದೇ ಪೋರ್ಟುಗಳಿಂದ ಹೊರಡಬೇಕು. ಬಳಸಿದ ಪೋರ್ಟು ಸ್ವಲ್ಪ ಹೊತ್ತು ವಿಶ್ರಾಂತಿಗೆ ಹೋಗುತ್ತದೆ. ಸಣ್ಣ ಸಣ್ಣ ರಸೀದಿಗಳು ಒಂದರ ಹಿಂದೊಂದು ಬಂದರೆ ಹನ್ನೊಂದೂ ಖರ್ಚಾಗಿ ಮುದ್ರಣ ನಿಲ್ಲುತ್ತದೆ, ತಾನಾಗಿಯೇ ಮತ್ತೆ ಶುರುವಾಗುತ್ತದೆ. ಪ್ರಿಂಟರಿಗೆ ಬೈಗುಳ ಬೀಳುವುದು ಇಂಥ ಹೊತ್ತಿನಲ್ಲೇ.

ಇನ್ನೂ ಸಾಮಾನ್ಯವಾದದ್ದು ನಿಂತ ಸಾಲು. ಇಂದಿನ ಯೂನಿಕ್ಸ್, ಲಿನಕ್ಸ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕಪ್ಸ್ ತಂತ್ರಾಂಶವು ಮುದ್ರಣ ವಿಫಲವಾದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಆ ಪ್ರಿಂಟರಿನ ಸಾಲನ್ನೇ ನಿಲ್ಲಿಸಿಬಿಡುತ್ತದೆ. ಸಂಜೆ ಸಂಪರ್ಕ ಒಂದು ಗಳಿಗೆ ಕಡಿದು ಒಂದು ಮುದ್ರಣ ವಿಫಲವಾದರೆ ಸಾಕು. ಬೆಳಗ್ಗೆ ತಂತಿಯೂ ಸರಿ, ಪ್ರಿಂಟರೂ ಸರಿ, ಆದರೂ ಯಾರಾದರೂ ಸರ್ವರಿನಲ್ಲಿ ಸಾಲನ್ನು ಮತ್ತೆ ತೆರೆಯುವವರೆಗೆ ಒಂದು ಹಾಳೆಯೂ ಬಾರದು. ಇದಕ್ಕಿಂತ ಮೋಸದ್ದು ಜಾಲದಲ್ಲಿ ಸಾಗುವ ಪೊಟ್ಟಣದ (ಪ್ಯಾಕೆಟ್) ಗಾತ್ರ. ಈಥರ್ನೆಟ್‌ನಲ್ಲಿ ಒಂದು ಪೊಟ್ಟಣ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟು. ಸರ್ವರನ್ನೂ ಶಾಖೆಯನ್ನೂ ಜೋಡಿಸುವ ವಿಪಿಎನ್ ತನ್ನ ಹೊದಿಕೆಯನ್ನೂ ಸೇರಿಸುವುದರಿಂದ ಒಳಗಿನ ಜಾಗ ಕಡಿಮೆಯಾಗುತ್ತದೆ. ‘ಚಿಕ್ಕದು ಮಾಡಿ ಕಳಿಸಿ’ ಎಂಬ ಮರುಸಂದೇಶವನ್ನು ನಡುವಿನ ಫೈರ್‌ವಾಲ್ ತಡೆದರೆ ದೊಡ್ಡ ಪೊಟ್ಟಣಗಳು ಸದ್ದಿಲ್ಲದೆ ಮಾಯವಾಗುತ್ತವೆ. ಸಂಪರ್ಕ ಪರೀಕ್ಷಿಸುವ ಚಿಕ್ಕ ಪಿಂಗ್ ಹೋಗುತ್ತದೆ, ಇಂಗ್ಲಿಷಿನ ಒಂದು ಸಾಲಿನ ಪರೀಕ್ಷೆಯೂ ಮುದ್ರಣವಾಗುತ್ತದೆ. ಕನ್ನಡದ ಪತ್ರ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತದೆ, ಏಕೆಂದರೆ ಕನ್ನಡ ಲಿಪಿ ಇಲ್ಲದ ಪ್ರಿಂಟರಿಗೆ ಪುಟವನ್ನು ಅನೇಕ ಸಲ ಚಿತ್ರವಾಗಿಯೇ ಕಳಿಸಬೇಕು. ಇಂಚಿಗೆ 300 ಚುಕ್ಕಿಯ ಎ4 ಹಾಳೆಯಲ್ಲಿ ಸುಮಾರು 87 ಲಕ್ಷ ಚುಕ್ಕಿಗಳು. ಒತ್ತಿ ಕುಗ್ಗಿಸದಿದ್ದರೆ ಒಂದು ಮೆಗಾಬೈಟಿಗೂ ಮಿಕ್ಕಿದ ಭಾರ. ದೋಷ ದಾರಿಯದು, ಅಪವಾದ ಫಾಂಟಿಗೆ.

ವೇಗದ ಸಂಪರ್ಕ, ಹೊಸ ಪ್ರಿಂಟರ್ ತಂದರಾಯಿತಲ್ಲ ಎನ್ನುವವರಿದ್ದಾರೆ. ಭಾರದ ತೊಂದರೆಗೆ ಅದು ಮದ್ದು, ಒಪ್ಪೋಣ; ನಿಂತ ಸಾಲಿಗಾಗಲಿ ಮಾಯವಾಗುವ ಪೊಟ್ಟಣಕ್ಕಾಗಲಿ ವೇಗ ಏನೂ ಮಾಡದು. ಪಿಡಿಎಫ್ ತರಿಸಿಕೊಂಡು ಶಾಖೆಯ ಕಂಪ್ಯೂಟರಿನಿಂದಲೇ ಮುದ್ರಿಸಲಿ ಎಂಬ ವಾದ ಹೆಚ್ಚು ಗಟ್ಟಿ. ಸಾಲು ಕಾಗದದ ಪಕ್ಕದಲ್ಲೇ ಇರುವುದು ಒಳ್ಳೆಯದೇ. ಆದರೆ ಕ್ರಮಸಂಖ್ಯೆ ಇರುವ ಪತ್ರ ಎಷ್ಟು ಸಲ ಮುದ್ರಣವಾಯಿತು ಎಂಬುದು ಆಗ ಕೇಂದ್ರದ ಸರ್ವರಿಗೆ ಕಾಣುವುದಿಲ್ಲ. ಹಾಗೆ ನೋಡಿದರೆ ಸರ್ವರ್ ತಾನೇ ಮರುಯತ್ನ ಮಾಡಿದಾಗಲೂ ಒಂದೇ ಪತ್ರ ಎರಡು ಸಲ ಬರಬಹುದು, ಬೈಟು ಹೋದದ್ದಷ್ಟೇ ಅದಕ್ಕೆ ಗೊತ್ತಿರುವುದರಿಂದ. ಐಪಿಪಿ ಎಂಬ ಮುದ್ರಣ ಪದ್ಧತಿಯಲ್ಲಿ ಪ್ರಿಂಟರ್ ತನ್ನ ಸ್ಥಿತಿಯನ್ನು ತಾನೇ ತಿಳಿಸಬಲ್ಲದು; ಸಾಧ್ಯವಿದ್ದಲ್ಲಿ ಅದೇ ಮೇಲು. ಇಲ್ಲದಿದ್ದಲ್ಲಿ ಅನೇಕ ಪ್ರಿಂಟರುಗಳ ಹೊಟ್ಟೆಯೊಳಗೆ ಈವರೆಗೆ ಎಷ್ಟು ಪುಟ ಹೊರಬಂದಿದೆ ಎಂದು ಎಣಿಸುವ ಮೀಟರೊಂದಿದೆ. ಪತ್ರ ಕಳಿಸುವ ಮುಂಚೆ ಒಮ್ಮೆ, ಆಮೇಲೊಮ್ಮೆ ಅದನ್ನು ಓದಿ ಸರ್ವರಿನ ಲಾಗಿನ ಸಮಯದ ಪಕ್ಕದಲ್ಲಿಟ್ಟರೆ, ಮೊಳಕಾಲ್ಮೂರಿನ ಹಾಳೆ ಎಲ್ಲಿ ನಿಂತಿತು ಎಂಬ ಜಗಳವನ್ನು ಫೋನಿನಲ್ಲಿ ಮಾಡಬೇಕಾಗಿ ಬರುವುದಿಲ್ಲ.